ಮೂರನೇ ಮೆಟ್ಟಿಲಿನ ಗುನುಗು

ನಮ್ಮೂರಿಗೆ ಮೊದಲ ಸಲ ಬಂದವರು ಬಸ್ಸಿಳಿದ ಕೂಡಲೇ ಕೇಳುವುದು ಒಂದೇ ಪ್ರಶ್ನೆ, ಇಲ್ಲೆಲ್ಲೋ ಜೇನು ಎದ್ದಿದೆಯಲ್ಲ, ಎಲ್ಲಿ? ಜೇನೂ ಇಲ್ಲ ಗೀನೂ ಇಲ್ಲ ಸ್ವಾಮಿ, ಅದು ನಮ್ಮ ಕೆಲಸಗಳ ಗುನುಗು ಎಂದರೆ ಅವರು ನಮ್ಮ ಮುಖ ನೋಡಿ ನಕ್ಕು, ಚೀಲ ಹೆಗಲಿಗೇರಿಸಿಕೊಂಡು ಹೊರಟುಬಿಡುತ್ತಾರೆ. ಒಂದು ರಾತ್ರಿ ಉಳಿದರೆ ತಾವೇ ತಿಳಿದುಕೊಳ್ಳುತ್ತಾರೆ. ಗುಂಡಿ ಕಿತ್ತ ಅಂಗಿಯನ್ನು ಕೈಗೆತ್ತಿಕೊಂಡು, ಸೂಜಿಗೆ ದಾರ ಪೋಣಿಸಿ, ಅಯ್ಯೋ ನಾಳೆ ಹೊಲಿದರಾಯಿತು ಎಂದು ಲಾಡ್ಜಿನ ಗೂಟಕ್ಕೆ ನೇತುಹಾಕಿ ಮಲಗಿದರೆ ಸಾಕು, ಅಂಗಿ ಗುಂಯ್ ಅನ್ನತೊಡಗುತ್ತದೆ. ಬೆಳಿಗ್ಗೆ ಕೆಂಪು ಕಣ್ಣು ಮಾಡಿಕೊಂಡು ನಮ್ಮ ಹತ್ತಿರವೇ ಬಂದು ದಾರಿ ಕೇಳುತ್ತಾರೆ.

ಕೈಗೆತ್ತಿಕೊಂಡು ಮುಗಿಸದ ಕೆಲಸ ನಮ್ಮಲ್ಲಿ ಸುಮ್ಮನಿರುವುದಿಲ್ಲ. ಎಲ್ಲಿ ನಿಂತಿತೋ ಅಲ್ಲಿಂದಲೇ ದನಿ ತೆಗೆಯುತ್ತದೆ. ಅರ್ಧ ಹೊಲಿದ ರವಿಕೆ ಚಿಲಿಪಿಲಿ ಎನ್ನುತ್ತದೆ. ತಿದ್ದದೆ ಇಟ್ಟ ಪರೀಕ್ಷೆ ಪೇಪರಿನ ಕಟ್ಟು ಗೊರಕೆ ಹೊಡೆಯುತ್ತದೆ. ಪುರಸಭೆಯವರು ಅರ್ಧಕ್ಕೆ ನಿಲ್ಲಿಸಿದ ಸೇತುವೆಯಂತೂ ಎಷ್ಟು ಚೆನ್ನಾಗಿ ಮಂದ್ರದಲ್ಲಿ ಹಾಡುತ್ತದೆಂದರೆ, ಸಂಗೀತದ ಮೇಷ್ಟ್ರು ಮಕ್ಕಳನ್ನು ಅಲ್ಲಿಗೇ ಕರೆದುಕೊಂಡು ಹೋಗಿ ಶ್ರುತಿ ಹಿಡಿಸುತ್ತಾರೆ. ಸೇತುವೆ ಮುಗಿಸಬೇಡಿ ಎಂದು ಅವರೇ ಮನವಿ ಕೊಟ್ಟಿದ್ದಾರೆ ಅಂತಲೂ ಸುದ್ದಿ.

ಗುನುಗು ಅಡಗಿಸುವುದಕ್ಕೆ ಕೆಲಸ ಮುಗಿಸುವುದೊಂದು ದಾರಿ. ಅದು ಎಲ್ಲರಿಗೂ ಗೊತ್ತು, ಯಾರ ಕೈಲೂ ಆಗುವುದಿಲ್ಲ. ಅದಾಗದಿದ್ದರೆ ಹೊತ್ತು ಹೇಳಬೇಕು. ಯಾವ ಕೆಲಸವನ್ನು ಯಾವತ್ತು, ಎಷ್ಟು ಹೊತ್ತಿಗೆ, ಎಲ್ಲಿ ಕೂತು ಮಾಡುತ್ತೇನೆ ಎಂದು ಇನ್ನೊಬ್ಬರ ಎದುರು ಬಾಯಿಬಿಟ್ಟು ಹೇಳಬೇಕು, ಅವರು ‘ಕೇಳಿದೆ’ ಅನ್ನಬೇಕು. ಅಷ್ಟಾದರೆ ಆ ಹೊತ್ತು ಬರುವವರೆಗೆ ಕೆಲಸ ಬಾಯಿ ಮುಚ್ಚಿಕೊಂಡಿರುತ್ತದೆ. ಹಾಗಾಗಿ ನಮ್ಮೂರ ಮಾರ್ಕೆಟ್ಟಿನಲ್ಲಿ ಯಾರೋ ಗುರುತಿಲ್ಲದವರು ನಿಮ್ಮನ್ನು ತಡೆದು ನಿಲ್ಲಿಸಿ, ಭಾನುವಾರ ತಿಂಡಿಯಾದ ಮೇಲೆ ಜಗಲಿಯಲ್ಲಿ ಕೂತು ಕೊಡೆ ರಿಪೇರಿ ಮಾಡುತ್ತೇನೆ ಅಂದರೆ ಗಾಬರಿಯಾಗಬೇಡಿ. ‘ಕೇಳಿದೆ’ ಅಂದು ನಿಮ್ಮ ಪಾಡಿಗೆ ಬದನೆಕಾಯಿ ಆರಿಸಿಕೊಳ್ಳಿ.

ಇನ್ನೊಂದು ದಾರಿಯೂ ಇದೆ. ಕೆಲಸದ ಎದುರಿಗೆ ನಿಂತು ‘ಬಿಟ್ಟೆ’ ಅನ್ನುವುದು. ಅಂದ ತಕ್ಷಣ ಸದ್ದು ನಿಲ್ಲುತ್ತದೆ. ಆದರೆ ಬಿಟ್ಟ ಕೆಲಸ ಈ ಜನ್ಮದಲ್ಲಿ ಮತ್ತೆ ಕೈಗೆ ಹತ್ತುವುದಿಲ್ಲ. ನಮ್ಮ ಪೋಸ್ಟ್‌ಮ್ಯಾನು ಹಾರ್ಮೋನಿಯಂ ಕಲಿಯುವುದನ್ನು ಬಿಟ್ಟೆ ಅಂದವನು, ಆಮೇಲೆ ಆಸೆಯಾಗಿ ಪೆಟ್ಟಿಗೆ ಮುಂದೆ ಕೂತರೆ ಬೆರಳು ಮಡಿಚಿದ್ದು ಬಿಚ್ಚಲೇ ಇಲ್ಲ. ಅದಕ್ಕೇ ಜನ ಆ ಮಾತಾಡಲು ಹೆದರುತ್ತಾರೆ.

ಇಷ್ಟೆಲ್ಲ ಪೀಠಿಕೆ ಹಾಕಿದ್ದು ನಮ್ಮ ಪಕ್ಕದ ಮನೆಯ ವನಮಾಲಕ್ಕನ ಕಥೆ ಹೇಳುವುದಕ್ಕೆ. ಅವಳ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ, ಅದೂ ತೆಳ್ಳಗಿನದು. ಹಾಗಾಗಿ ನಾನು ಹೇಳುವುದರಲ್ಲಿ ಅರ್ಧ ನಾನೇ ಕೇಳಿಸಿಕೊಂಡದ್ದು, ಉಳಿದರ್ಧ ಅವಳೇ ಹಿತ್ತಿಲ ಬೇಲಿಯ ಹತ್ತಿರ ನಿಂತು ಹೇಳಿದ್ದು.

ವನಮಾಲಕ್ಕ ಮಿಡ್ಲ್ ಸ್ಕೂಲಿನಲ್ಲಿ ಟೀಚರು. ಸಂಜೆ ಮನೆಯಲ್ಲಿ ಸೀರೆಗೆ ಕುಚ್ಚು ಕಟ್ಟುತ್ತಾಳೆ. ಸೆರಗಿನ ಅಂಚಿನ ಎಳೆಗಳನ್ನು ಅವಳು ಎಳೆದು ಸುತ್ತಿ ಗಂಟು ಹಾಕುವುದು ನೋಡಬೇಕು, ಹಬ್ಬಕ್ಕೆ ಹೂ ಕಟ್ಟಿದಷ್ಟು ಸಲೀಸು. ಇದರ ಮೇಲೆ ಮಹಿಳಾ ಸಮಾಜದ ಕಾರ್ಯದರ್ಶಿ, ರಂಗೋಲಿ ಸ್ಪರ್ಧೆಗೆ ತೀರ್ಪುಗಾರ್ತಿ, ಯಾರ ಮನೆಯಲ್ಲಿ ಉಪ್ಪಿನಕಾಯಿ ಹಾಕಿದರೂ ಉಪ್ಪು ನೋಡಲು ಅವಳೇ ಬೇಕು. ಬೇಡ ಅನ್ನುವ ಮಾತು ಅವಳ ಬಾಯಲ್ಲಿ ಹುಟ್ಟಿದ್ದೇ ಇಲ್ಲ. ಯಾರು ಏನು ತಂದರೂ, ‘ಅದಕ್ಕೇನು, ಇಟ್ಟು ಹೋಗಿ, ಮಾಡ್ಕೊಡ್ತೀನಿ’ ಅನ್ನುವಳು. ತಂದವರು ಹಗುರಾಗಿ ಹೋಗುತ್ತಿದ್ದರು, ಸದ್ದು ಅವಳ ನಡುಮನೆಯಲ್ಲಿ ಉಳಿಯುತ್ತಿತ್ತು. ಊರೆಲ್ಲರ ಹೊತ್ತಿಗೂ ‘ಕೇಳಿದೆ’ ಅನ್ನುತ್ತಿದ್ದವಳು ತನ್ನ ಒಂದು ಕೆಲಸಕ್ಕೂ ಹೊತ್ತು ಹೇಳುತ್ತಿರಲಿಲ್ಲ. ಹೇಳಲು ಬಿಡುವಿನ ಹೊತ್ತು ಅಂತ ಒಂದು ಇರಬೇಕಲ್ಲ!

ಆ ಮನೆಯ ಗದ್ದಲ ಕೇಳಬೇಕಿತ್ತು ನೀವು. ಬೀದಿಯ ತುದಿಗೇ ಗೊತ್ತಾಗುತ್ತಿತ್ತು. ಅವಳ ಗಂಡ ಶ್ರೀಕಂಠಯ್ಯನವರು ರಿಟೈರಾದ ಬಸ್ ಕಂಡಕ್ಟರು. ಸದ್ದಿನಲ್ಲೇ ಆಯಸ್ಸು ಕಳೆದವರು, ಆದರೂ ಅವರೇ ಸೋತು ಎರಡೂ ಕಿವಿಗೆ ಹತ್ತಿ ತುರುಕಿಕೊಂಡಿದ್ದರು. ಅವರನ್ನು ಊಟಕ್ಕೆ ಕರೆಯಬೇಕಾದರೆ ವನಮಾಲಕ್ಕ ಹೋಗಿ ಭುಜ ತಟ್ಟುತ್ತಿದ್ದಳು. ಒಬ್ಬಳೇ ಮಗಳು ಚಂಪಾ, ಆ ಗದ್ದಲದಲ್ಲೇ ಓದಿ, ಬೆಳೆದು, ಅದೇ ಊರಿನ ಕೆರೆ ಬೀದಿಗೆ ಸೊಸೆಯಾಗಿ ಹೋದಳು.

ಚಂಪಾ ಬಸುರಿ ಎಂದು ಗೊತ್ತಾದಾಗ ವನಮಾಲಕ್ಕನ ಕಾಲು ನೆಲದ ಮೇಲಿರಲಿಲ್ಲ. ಮಗುವನ್ನು ಸುತ್ತಲು ಗಂಡನ ಹಳೆಯ ಪಂಚೆಗಳನ್ನು ಒಗೆದೊಗೆದು ಮೆತ್ತಗೆ ಮಾಡಿಟ್ಟಳು. ಚೊಚ್ಚಲ ಬಾಣಂತನ, ತವರಿನಲ್ಲಲ್ಲದೆ ಇನ್ನೆಲ್ಲಿ ಎಂದು ನನ್ನ ಹತ್ತಿರ ಅದೆಷ್ಟು ಸಲ ಹೇಳಿದಳೋ. ಆದರೆ ಸೀಮಂತದ ದಿನ ಏನಾಯಿತು ಅಂತೀರಿ? ಯಾರದೋ ಮದುವೆ ಸೀರೆಯ ಕುಚ್ಚು ಮುಗಿಸಿಕೊಟ್ಟು ಬರುತ್ತೇನೆ ಎಂದು ಗಂಡನನ್ನು ಮುಂದೆ ಕಳಿಸಿ, ತಾನು ಹೋಗುವಷ್ಟರಲ್ಲಿ ಆರತಿ ಮುಗಿದು ಎಲ್ಲರೂ ಎಲೆಯ ಮುಂದೆ ಕೂತಿದ್ದರು. ಚಂಪಾ ಬಳೆ ತುಂಬಿದ ಕೈಯಲ್ಲಿ ಅಮ್ಮನಿಗೆ ನೀರು ತಂದುಕೊಟ್ಟಳು, ಅಷ್ಟೆ.

ಊಟವಾದ ಮೇಲೆ ಬೀಗಿತ್ತಿ ಸತ್ಯಭಾಮಮ್ಮನವರು ವನಮಾಲಕ್ಕನನ್ನು ಪಕ್ಕಕ್ಕೆ ಕೂರಿಸಿಕೊಂಡರು. ಆಕೆ ಮಾತು ಕಡಿಮೆ, ಆಡಿದರೆ ತೂಕದ್ದು. ಬಾಣಂತನಕ್ಕೆ ಕಳಿಸುವ ಮುಂಚೆ ಮನೆ ಕೇಳುವ ಶಾಸ್ತ್ರ ಮಾಡಬೇಕು, ಮನೆ ಸದ್ದಿಲ್ಲದೆ ಇದ್ದರೆ ಚಂಪಾ ಬರುತ್ತಾಳೆ, ಒಂದು ಗುನುಗು ಇದ್ದರೂ ಬಾಣಂತನ ನಮ್ಮಲ್ಲೇ ಆಗಲಿ ಎಂದುಬಿಟ್ಟರು. ಮನೆ ಕೇಳುವುದು ನಮ್ಮೂರ ಹಳೆಯ ಪದ್ಧತಿ. ಗುನುಗುವ ಮನೆಯಲ್ಲಿ ಹಸುಗೂಸು ನಿದ್ದೆ ಮಾಡುವುದಿಲ್ಲ ಅಂತ ನಂಬಿಕೆ. ಈಗಿನವರು ಅದನ್ನೆಲ್ಲ ಯಾರೂ ಮಾಡುವುದಿಲ್ಲ. ಎಲ್ಲ ಬಿಟ್ಟು ಇವರು ಇದನ್ನು ಹಿಡಿದರಲ್ಲ ಎಂದು ವನಮಾಲಕ್ಕ ದಾರಿಯುದ್ದಕ್ಕೂ ಅತ್ತುಕೊಂಡು ಬಂದಳು. ಮಗಳು ತನ್ನ ಮನೆಗೆ ಬರುವುದಿಲ್ಲವೇನೋ ಎಂಬ ಹೆದರಿಕೆ ಆವತ್ತು ಅವಳ ಎದೆಯಲ್ಲಿ ಕೂತದ್ದು ಏಳಲಿಲ್ಲ.

ಮರುದಿನವೇ ಶುರುವಾಯಿತು ನೋಡಿ ಕಾರುಬಾರು. ಮೊದಲು ಹೊತ್ತು ಹೇಳುವುದನ್ನು ಹಿಡಿದಳು. ಕೇಳುವುದಕ್ಕೆ ನಾನಿದ್ದೆನಲ್ಲ, ಕೇಳಿದೆ ಕೇಳಿದೆ ಎಂದು ನನ್ನ ಗಂಟಲು ಒಣಗಿತು. ಮನೆ ಸ್ವಲ್ಪ ತಣ್ಣಗಾಯಿತು ಅಂದುಕೊಂಡೆವು. ಆದರೆ ಈ ಮಹಾತಾಯಿ ಒಂದೇ ಭಾನುವಾರದ ಸಂಜೆಯನ್ನು ಸೀರೆಗೂ, ಪೇಪರಿಗೂ, ಸಮಾಜದ ವರದಿಗೂ, ಮುರಿದ ಕುರ್ಚಿಗೂ ಹಂಚಿಬಿಟ್ಟಿದ್ದಳು. ಆ ಹೊತ್ತು ಬಂದದ್ದೇ ತಡ, ಎಲ್ಲವೂ ಒಟ್ಟಿಗೆ ಕಿರುಚಿಕೊಂಡವು. ಕುಕ್ಕರ್ ಸಿಡಿಯಿತು ಎಂದುಕೊಂಡು ಬೀದಿಗೆ ಬೀದಿಯೇ ಓಡಿ ಬಂತು.

ಅದರಿಂದ ತಲೆ ಕೆಟ್ಟವಳು ಇನ್ನೊಂದು ಎಡವಟ್ಟು ಮಾಡಿದಳು. ಒಲೆಯ ಮೇಲೆ ಅವರೆಕಾಳು ಬೇಯುತ್ತಿತ್ತು, ಹೆಗಲ ಮೇಲೆ ಅರ್ಧ ಹೆಣೆದ ಜಡೆ, ನಡುಮನೆಯಲ್ಲಿ ಚಿಲಿಪಿಲಿ ಅನ್ನುವ ಸೀರೆ ರಾಶಿ. ಅಡುಗೆಮನೆ ಬಾಗಿಲಲ್ಲಿ ನಿಂತು ಕಣ್ಣಿಗೆ ಬಿದ್ದದ್ದನ್ನೆಲ್ಲ ಒಟ್ಟಿಗೇ ಸೇರಿಸಿ ‘ಎಲ್ಲಾ ಬಿಟ್ಟೆ’ ಎಂದು ಕೂಗಿದಳು. ಆ ಮಾತು ಕಣ್ಣೆದುರಿಗೆ ಇದ್ದದ್ದಕ್ಕಷ್ಟೇ ತಗಲುವುದು, ಸೀರೆಗಳು ತೆಪ್ಪಗಾದವು. ಅವುಗಳ ಜೊತೆ ಅವರೆಕಾಳೂ ಅಷ್ಟಕ್ಕೇ ನಿಂತಿತು. ಸೌದೆ ಒಟ್ಟಿ ಸಂಜೆಯವರೆಗೂ ಬೇಯಿಸಿದಳು, ಕಾಳು ಕಲ್ಲಿನ ಹಾಗೇ ಇತ್ತು. ಶ್ರೀಕಂಠಯ್ಯನವರು ಎರಡು ಕಾಳು ಅಗಿದು, ಹಲ್ಲು ಮುಟ್ಟಿ ನೋಡಿಕೊಂಡು, ಅವಲಕ್ಕಿ ಇದ್ದರೆ ಕೊಡು ಅಂದರಂತೆ. ಜಡೆಯದೂ ಅದೇ ಗತಿ. ತಲೆಗೆ ನೀರು ಹಾಕಿಕೊಂಡು ಹೊಸದಾಗಿ ಬಾಚುವವರೆಗೆ ಟೀಚರು ಸ್ಕೂಲಿಗೆ ತುರುಬು ಸುತ್ತಿಕೊಂಡೇ ಹೋದಳು.

ಬಿಟ್ಟ ಸೀರೆಗೆ ಅವಳ ಕೈ ಇನ್ನು ಓಡುವ ಹಾಗಿಲ್ಲ. ಹಾಗಾಗಿ ಅವನ್ನೆಲ್ಲ ಹೆಗಲಿಗೆ ಹಾಕಿಕೊಂಡು ಮನೆ ಮನೆಗೆ ಹೋಗಿ ವಾಪಸು ಕೊಡಬೇಕಾಯಿತು. ಮೊದಲನೇ ಮನೆಯಲ್ಲಿ ನಾಲಿಗೆಯೇ ಹೊರಳಲಿಲ್ಲ, ಸುಮ್ಮನೆ ಕಾಫಿ ಕುಡಿದು ಸೀರೆ ಸಮೇತ ವಾಪಸು ಬಂದಳು. ಆಮೇಲೆ ನಾನು ಜೊತೆಗೆ ಹೋದೆ. ‘ನನ್ನ ಕೈಲಿ ಆಗಲ್ಲ, ತಗೊಳ್ಳಿ’ ಎಂದು ಒಂದು ಕಡೆ ಬಾಯಿಂದ ಬಂತು, ಮುಂದೆ ಸಲೀಸಾಯಿತು. ಯಾರೂ ಸಿಟ್ಟಾಗಲಿಲ್ಲ. ಅದಕ್ಕೇನಂತೆ, ಮೇಲಿನ ಬೀದಿಯಲ್ಲಿ ಇನ್ನೊಬ್ಬಳು ಕಟ್ಟುತ್ತಾಳೆ ಎಂದು ಸೀರೆ ಒಳಗಿಟ್ಟರು. ವನಮಾಲಕ್ಕನಿಗೆ ಅದೇ ಹೆಚ್ಚು ಚುಚ್ಚಿತು. ತಾನಿಲ್ಲದಿದ್ದರೆ ಇವರ ಗತಿ ಏನು ಎಂದುಕೊಂಡು ಇಷ್ಟು ವರ್ಷ ಕಣ್ಣು ಕೆಡಿಸಿಕೊಂಡದ್ದು ಸುಳ್ಳೇನೇ ಎಂದು ದಾರಿಯಲ್ಲಿ ನನ್ನನ್ನು ಕೇಳಿದಳು. ನಾನು ಏನು ಹೇಳಲಿ, ಅವಳ ಕೈಯಲ್ಲಿ ನನ್ನದೂ ಒಂದು ಸೀರೆ ಇತ್ತು.

ಅಲ್ಲಿಂದ ಬುದ್ಧಿ ಬಂತು. ಸಮಾಜದ ಕಾರ್ಯದರ್ಶಿ ಕೆಲಸವನ್ನು ಬೇಕೆಂದೇ, ಸಭೆಯ ಎದುರು, ನಗುನಗುತ್ತಾ ‘ಬಿಟ್ಟೆ’ ಅಂದಳು. ಪೇಪರುಗಳಿಗೆ ಒಂದು ಸಂಜೆ, ಕುರ್ಚಿಗೆ ಇನ್ನೊಂದು ಬೆಳಿಗ್ಗೆ ಎಂದು ಬೇರೆ ಬೇರೆ ಹೊತ್ತು ಹೇಳಿ, ಆ ಹೊತ್ತಿಗೆ ಸರಿಯಾಗಿ ಕೂತು ಮುಗಿಸಿದಳು. ಹೊಸದು ಹಿಡಿದುಕೊಂಡು ಬಂದವರನ್ನು ಗೇಟಿನ ಹೊರಗೇ ಮಾತಾಡಿಸಿ ಕಳಿಸಿದಳು. ಒಂದೊಂದೇ ಸದ್ದು ಕಳಚಿಕೊಳ್ಳುತ್ತಾ ಹೋಯಿತು. ಒಂದು ಮಧ್ಯಾಹ್ನ ಶ್ರೀಕಂಠಯ್ಯನವರು ಕಿವಿ ತುರಿಸಿತೆಂದು ಹತ್ತಿ ತೆಗೆದವರು ಗಾಬರಿಬಿದ್ದು, ‘ಏನೇ ಇದು, ನಂಗೆ ಪೂರ್ತಿ ಕಿವುಡಾಯ್ತಾ?’ ಎಂದು ಕೂಗಿದರು. ವನಮಾಲಕ್ಕ ನಕ್ಕಳು. ತನ್ನ ಮನೆಯಲ್ಲಿ ತನ್ನ ನಗು ಅವಳಿಗೇ ಕೇಳಿಸಿದ್ದು ಎಷ್ಟು ವರ್ಷದ ಮೇಲೋ.

ಆ ನಗು ನಿಂತ ಮೇಲೆ ಒಂದು ಸಣ್ಣ ಸದ್ದು ಮಾತ್ರ ಉಳಿದಿತ್ತು.

ಹಿತ್ತಿಲಿನಿಂದ ಬರುತ್ತಿತ್ತು. ತುಂಬ ತೆಳು, ಸೊಳ್ಳೆಯ ದನಿಗಿಂತ ಒಂಚೂರು ಇಂಪು. ಮಹಡಿಗೆ ಹೋಗುವ ಮೆಟ್ಟಿಲಿನಲ್ಲಿ ಕೆಳಗಿನಿಂದ ಮೂರನೆಯದರ ಹತ್ತಿರ ಕಿವಿಯಿಟ್ಟರೆ ಸ್ಪಷ್ಟವಾಗಿ ಕೇಳುತ್ತಿತ್ತು. ಯಾರ ಕೆಲಸ ಎಂದು ತಿಳಿಯಲು ನಮ್ಮಲ್ಲಿ ಅಂಗೈ ಇಟ್ಟು ನೋಡುತ್ತೇವೆ, ನಿಮ್ಮದಾದರೆ ಕೈಯೊಳಗೆ ನಡುಗುತ್ತದೆ. ಶ್ರೀಕಂಠಯ್ಯ ಇಟ್ಟರು, ಕಲ್ಲು ತಣ್ಣಗಿತ್ತು. ನಾನೂ ಇಟ್ಟೆ. ವನಮಾಲಕ್ಕ ಇಟ್ಟ ಕೂಡಲೇ, ಹಿಡಿದ ಗುಬ್ಬಿಯ ಹಾಗೆ ಪುಳಪುಳ ಅಂದಿತಂತೆ. ತನ್ನದೇ, ಸಂಶಯವಿಲ್ಲ. ಆದರೆ ಏನು? ಮೆಟ್ಟಿಲು ತೊಳೆದಳು, ಬಿರುಕಿಗೆ ಸಿಮೆಂಟು ಮೆತ್ತಿದಳು, ರಂಗೋಲಿ ಬಿಟ್ಟಳು, ಮೆಟ್ಟಿಲ ಮೇಲೆ ಒಣಗಿಸಿ ಮರೆತದ್ದೇನಾದರೂ ಇದೆಯೇ ಎಂದು ಸುತ್ತ ಹುಡುಕಿದಳು. ಏನು ಮಾಡಿದರೂ ಅದು ಮಾತ್ರ ತನ್ನ ಪಾಡಿಗೆ ಗುನುಗುತ್ತಲೇ ಇತ್ತು. ಏನೆಂದೇ ಗೊತ್ತಿಲ್ಲದ ಕೆಲಸಕ್ಕೆ ಹೊತ್ತು ಹೇಳುವುದಾದರೂ ಹೇಗೆ?

ಮನೆ ಕೇಳಲು ಬೀಗಿತ್ತಿ ಬರುವ ಹಿಂದಿನ ದಿನ ನಾನೇ ಅಂದೆ, ಇದೊಂದನ್ನು ‘ಬಿಟ್ಟೆ’ ಅಂದು ಕೈ ತೊಳೆದುಕೋ, ನೆನಪೇ ಇಲ್ಲದ್ದು ಹೋದರೆ ನಷ್ಟವೇನು? ಶ್ರೀಕಂಠಯ್ಯನವರೂ ಹೂಂ ಅಂದರು. ಅವಳಿಗೂ ಹೌದೆನ್ನಿಸಿತು. ಒಂದು ಮಾತು, ಅಷ್ಟೆ, ಮಗಳು ಮನೆಗೆ ಬರುತ್ತಾಳೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲ ಮುಂದೆ ನಿಂತಳು. ಬಾಯಿ ತೆರೆದಳು. ನಾವಿಬ್ಬರೂ ಕಾದೆವು. ತೆರೆದ ಬಾಯಿ ಹಾಗೇ ಮುಚ್ಚಿ, ಮೆಟ್ಟಿಲ ಮೇಲೆ ಕೂತುಬಿಟ್ಟಳು.

‘ಏನೂಂತ ಗೊತ್ತಿಲ್ದೆ ಹೆಂಗೆ ಬಿಡ್ಲಿ ಕಣೇ? ಇಷ್ಟು ವರ್ಷ ಅಷ್ಟು ಗದ್ದಲದ ಅಡಿಯಲ್ಲಿ ಕಾದ್ಕೊಂಡು ಕೂತಿದೆ. ಪಾಪ ಅನ್ಸತ್ತೆ’ ಅಂದಳು.

ನನಗೆ ಸಿಟ್ಟೇ ಬಂತು. ಮಗಳ ಬಾಣಂತನಕ್ಕಿಂತ ಮೆಟ್ಟಿಲು ಹೆಚ್ಚಾಯಿತೇ ಎಂದು ಬಯ್ದು ಮನೆಗೆ ಬಂದೆ.

ಮಾರನೆಯ ದಿನ ಸಂಜೆ ಸತ್ಯಭಾಮಮ್ಮನವರು ಬಂದರು. ಜೊತೆಗೆ ಚಂಪಾಳೂ ತುಂಬು ಹೊಟ್ಟೆ ಹೊತ್ತುಕೊಂಡು ಬಂದಿದ್ದಳು. ಮನೆ ಕೇಳುವುದೆಂದರೆ ಹುಡುಗಾಟವಲ್ಲ. ಕೇಳುವವರು ಕೈಬಳೆ ತೆಗೆದಿಡಬೇಕು, ಗೋಡೆ ಗಡಿಯಾರ ನಿಲ್ಲಿಸಬೇಕು, ನಡುಮನೆಯಲ್ಲಿ ಒಂದು ಊದುಬತ್ತಿ ಉರಿದು ಮುಗಿಯುವವರೆಗೆ ಯಾರೂ ಉಸಿರೆತ್ತುವ ಹಾಗಿಲ್ಲ. ಸತ್ಯಭಾಮಮ್ಮ ಚಾಪೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ ಕೂತರು. ವನಮಾಲಕ್ಕ ಮಗಳ ಎದುರಿಗೆ ಕೂತು ಊದುಬತ್ತಿಯ ಬೂದಿ ಬೀಳುವುದನ್ನೇ ನೋಡುತ್ತಿದ್ದಳು. ಶ್ರೀಕಂಠಯ್ಯನವರು ಕೆಮ್ಮು ಬಂದರೂ ನುಂಗಿಕೊಂಡರು.

ಬತ್ತಿ ಮುಗಿಯಿತು. ಸತ್ಯಭಾಮಮ್ಮ ಕಣ್ಣು ಬಿಟ್ಟು, ‘ಹಿತ್ತಿಲಲ್ಲಿ ಒಂದಿದೆ’ ಅಂದರು.

ವನಮಾಲಕ್ಕ ಮುಚ್ಚಿಡಲಿಲ್ಲ. ‘ಇದೆ. ನಂದೇ. ಏನೂಂತ ಮಾತ್ರ ನಂಗೊತ್ತಿಲ್ಲ. ಬಿಟ್ಟೆ ಅನ್ನೋಕೆ ಹೋದೆ, ಬಾಯಿ ಬರ್ಲಿಲ್ಲ. ಹೇಳಿದ ಮಾತಿನ ಪ್ರಕಾರ ಚಂಪಾ ನಿಮ್ಮಲ್ಲೇ ಇರ್ಲಿ. ನಾನೇ ದಿನಾ ಬೆಳಿಗ್ಗೆ ಬಂದು ಮಗೂಗೆ ನೀರು ಹಾಕಿ ಹೋಗ್ತೀನಿ, ಅದೊಂದಕ್ಕೆ ಬೇಡ ಅನ್ಬೇಡಿ’ ಅಂದಳು. ಅನ್ನುವಾಗ ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ.

ಸತ್ಯಭಾಮಮ್ಮ ತೆಗೆದಿಟ್ಟ ಬಳೆಗಳನ್ನು ಒಂದೊಂದಾಗಿ ಏರಿಸಿಕೊಂಡರು. ಸೊಸೆಯ ಕಡೆ ನೋಡಿದರು. ಆಮೇಲೆ, ‘ಇನ್ನು ನಾನು ಕೆಟ್ಟವಳಾಗಿ ಕೂತಿರೋಕಾಗಲ್ಲ ಚಂಪಾ, ನೀನೇ ಹೇಳು’ ಅಂದರು.

ಚಂಪಾ ತಲೆ ತಗ್ಗಿಸಿದಳು. ಮನೆ ಕೇಳುವ ಶಾಸ್ತ್ರವನ್ನು ಎಲ್ಲಿಂದಲೋ ಹುಡುಕಿ ತಂದು ಅತ್ತೆಯ ಬಾಯಲ್ಲಿ ಹೇಳಿಸಿದವಳು ಅವಳೇ. ಅತ್ತೆ ಒಲ್ಲೆ ಒಲ್ಲೆ ಎಂದರೂ ಕೈ ಹಿಡಿದು ಬೇಡಿಕೊಂಡಿದ್ದಳಂತೆ.

‘ನಂಗೆ ಹೆದ್ರಿಕೆ ಆಗ್ತಿತ್ತಮ್ಮ’ ಅಂದಳು. ‘ಮಗು ಅತ್ರೆ, ನಂಗೆ ನೋವು ಬಂದ್ರೆ, ಅಮ್ಮಾ ಅಂತ ಕೂಗ್ತೀನಿ. ನೀನು ಬಂದೆ ಇರು ಅಂತೀಯ. ಅಷ್ಟೊತ್ತಿಗೆ ಗೇಟಿನ ಹತ್ರ ಯಾರಾದ್ರೂ ಬಂದಿರ್ತಾರೆ. ಅದು ನಂಗೆ ಇನ್ನೊಂದ್ಸಲ ಬೇಡ ಅನ್ನಿಸ್ತು.’

ವನಮಾಲಕ್ಕ ನೆಲಕ್ಕೆ ಬಿದ್ದ ಊದುಬತ್ತಿಯ ಬೂದಿಯನ್ನು ಬೆರಳಿಂದ ಒಟ್ಟುಮಾಡತೊಡಗಿದಳು. ಅಷ್ಟರಲ್ಲಿ ಹಿತ್ತಿಲ ಗುನುಗು ಎಲ್ಲರಿಗೂ ಕೇಳುವಷ್ಟು ಎದ್ದು ಬಂತು. ಚಂಪಾ ತಲೆಯೆತ್ತಿದಳು. ಸೊಂಟ ಹಿಡಿದುಕೊಂಡು ಎದ್ದು, ಸದ್ದಿನ ಜಾಡು ಹಿಡಿದು ಹಿತ್ತಿಲಿಗೆ ನಡೆದಳು. ಎಲ್ಲರೂ ಹಿಂದೆಯೇ ಹೋದರು. ಮೂರನೇ ಮೆಟ್ಟಿಲು ಕಂಡ ಕೂಡಲೇ ನಿಂತಳು.

‘ಇಲ್ಲಿಂದ್ಲೇ ಅಲ್ವಾ ನೀನು ವಾಪಸ್ ಹೋಗಿದ್ದು’ ಅಂದಳು.

ಆಗ ಚಂಪಾ ಚಿಕ್ಕವಳು, ಎರಡು ಜಡೆಯ ಹುಡುಗಿ. ಬೇಸಿಗೆ ರಜದಲ್ಲಿ ಯಾರೂ ಇಲ್ಲದಾಗ ಮಹಡಿ ಮೇಲೆ ನಿಂತು ಬಾಯಿಗೆ ಎರಡು ಬೆರಳಿಟ್ಟು ಸಿಳ್ಳೆ ಹೊಡೆಯುವುದನ್ನು ಕಲಿತಿದ್ದಳು. ಅಪ್ಪ ಕಂಡಕ್ಟರು ಪೀಪಿ ಊದುತ್ತಾರೆ, ತಾನು ಬರೀ ಬೆರಳಲ್ಲೇ ಊದುತ್ತೇನೆ ಎಂದು ಹೆಮ್ಮೆ. ಸಿಳ್ಳೆ ಬಂದ ದಿನ ಮೊದಲು ಅಮ್ಮನಿಗೇ ತೋರಿಸಬೇಕೆಂದು ಮಹಡಿಯಿಂದ ಕೂಗಿದಳು. ವನಮಾಲಕ್ಕ ಬಂದೆ ಇರು ಎಂದು ಹೊರಟೂ ಹೊರಟಳು, ಮೂರನೇ ಮೆಟ್ಟಿಲವರೆಗೆ ಹತ್ತಿಯೂ ಹತ್ತಿದಳು. ಅಷ್ಟರಲ್ಲಿ ಗೇಟಿನಲ್ಲಿ ಯಾರೋ ಸೀರೆ ಹಿಡಿದು ಕರೆದರು. ಒಂದೇ ನಿಮಿಷ ಎಂದು ಇಳಿದವಳು ಮರೆತೇಹೋದಳು. ಹುಡುಗಿ ಕತ್ತಲಾಗುವವರೆಗೆ ಮೇಲೆ ನಿಂತಿದ್ದು, ಕೆಳಗಿಳಿದು ಬಂದು ಆ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಿದ್ದು, ಊಟಕ್ಕೆ ಒಳಗೆ ಹೋದಳು. ಆಮೇಲೆ ಯಾವತ್ತೂ ಸಿಳ್ಳೆ ಹಾಕಲಿಲ್ಲ. ಅಮ್ಮನನ್ನು ಹಾಗೆ ಕರೆಯಲೂ ಇಲ್ಲ.

ವನಮಾಲಕ್ಕ ಚಪ್ಪಲಿ ಕಳಚಿದಳು. ಮಗಳ ತೋಳಿಗೆ ತೋಳು ಕೊಟ್ಟು ಮೆಲ್ಲಗೆ ಮಹಡಿ ಹತ್ತಿಸಿದಳು. ಬಸುರಿ ಹೆಂಗಸು ಮಹಡಿ ಹತ್ತಿ ಸಿಳ್ಳೆ ಹೊಡೆಯುವುದು ಯಾವ ಶಾಸ್ತ್ರದಲ್ಲಿದೆಯೋ ನಾ ಕಾಣೆ ಎಂದು ಗೊಣಗುತ್ತಾ ಸತ್ಯಭಾಮಮ್ಮನವರೂ ಹಿಂದೆಯೇ ಹತ್ತಿದರು. ಶ್ರೀಕಂಠಯ್ಯ ಬಾಗಿಲ ಬಳಿಯಿದ್ದ ಸ್ಟೂಲು ತಂದುಕೊಟ್ಟರು. ವನಮಾಲಕ್ಕ ಅದರ ಮೇಲೆ ಕೂತು, ಕೈ ಎರಡೂ ಮಡಿಲಲ್ಲಿಟ್ಟುಕೊಂಡು, ‘ಬಂದಿದ್ದೀನಿ, ತೋರ್ಸು’ ಅಂದಳು.

ನಾನು ಆ ಹೊತ್ತಿಗೆ ಸರಿಯಾಗಿ ಅವಳ ಗೇಟಿನ ಮುಂದಿದ್ದೆ. ನಿನ್ನೆ ಬಯ್ದದ್ದಕ್ಕೆ ಒಂದು ಒಳ್ಳೆ ಮಾತಾಡೋಣವೆಂದು ಬಂದಿದ್ದೆ, ಬರುವವಳು ಬರಿಗೈಯಲ್ಲಿ ಯಾಕೆ ಬರಲಿ ಎಂದು ತಮ್ಮನ ಮದುವೆಗೆ ತಂದ ಸೀರೆಯನ್ನೂ ಹಿಡಿದುಕೊಂಡು ಬಂದಿದ್ದೆ. ವನಮಾಲಕ್ಕಾ ಎಂದು ಕೂಗಿದೆ. ಅವಳು ಮಹಡಿಯ ಮೇಲಿಂದ, ನನ್ನ ಕಡೆ ತಿರುಗಿಯೂ ನೋಡದೆ, ‘ಇವತ್ತಾಗಲ್ಲ ಕಣೇ, ನಡಿ’ ಅಂದಳು. ನಾನು ಅಲ್ಲೇ ನಿಂತೆ.

ಚಂಪಾ ಎರಡು ಬೆರಳು ಬಾಯಿಗಿಟ್ಟಳು. ಬರೀ ಗಾಳಿ. ಇನ್ನೊಮ್ಮೆ ಊದಿದಳು, ಅತ್ತೆಯ ಮುಖಕ್ಕೆ ಎಂಜಲು ಸಿಡಿಯಿತು. ಸತ್ಯಭಾಮಮ್ಮ ಸೆರಗಿನಿಂದ ಒರೆಸಿಕೊಂಡು, ‘ನಾಲಿಗೆ ಒಳಕ್ಕೆ ಮಡಿಚ್ಕೋಬೇಕೇನೋ’ ಅಂದರು. ವನಮಾಲಕ್ಕ ಅಲ್ಲಾಡಲಿಲ್ಲ. ಮಗಳು ನಾಲಿಗೆ ಮಡಿಚಿ, ಕೆನ್ನೆ ಉಬ್ಬಿಸಿ, ಕಣ್ಣು ಮುಚ್ಚಿ ಊದಿದಳು ನೋಡಿ, ಅಬ್ಬಬ್ಬಾ! ಕೆರೆ ಬೀದಿಗೂ ಕೇಳಿರಬೇಕು. ನಮ್ಮ ಬೀದಿಯಲ್ಲಿ ಬರುತ್ತಿದ್ದ ಸಿಟಿ ಬಸ್ಸು ಗಕ್ಕನೆ ನಿಂತಿತು. ಕಂಡಕ್ಟರನ ಸಿಳ್ಳೆಯೆಂದು ತಿಳಿದ ಡ್ರೈವರು ಕತ್ತು ಹೊರಹಾಕಿ, ಯಾರು ಇಳಿಯುವವರು ಎಂದು ಕೇಳಿದ. ಇಳಿಯುವವರು ಯಾರೂ ಇಲ್ಲ.

‘ಒಂದು ಹೊಡೆದ್ರೆ ಸ್ಟಾಪು ಮಗಳೇ, ಹೋಗ್ಬೇಕಾದ್ರೆ ಡಬಲ್ ಹೊಡೀಬೇಕು’ ಅಂದರು ಶ್ರೀಕಂಠಯ್ಯ. ಅವರ ಕಿವಿಯಲ್ಲಿ ಹತ್ತಿ ಇರಲಿಲ್ಲ, ಮುಖ ಅಗಲವಾಗಿತ್ತು. ಚಂಪಾ ಡಬಲ್ ಹೊಡೆದಳು, ಬಸ್ಸು ಹೋಯಿತು. ವನಮಾಲಕ್ಕ ಮಗಳನ್ನು ತಬ್ಬಿಕೊಂಡು, ಎಷ್ಟು ಚೆನ್ನಾಗಿ ಹೊಡೀತೀಯೇ, ಎಷ್ಟು ಚೆನ್ನಾಗಿ ಹೊಡೀತೀಯೇ ಎಂದು ಅಷ್ಟನ್ನೇ ಹೇಳುತ್ತಿದ್ದಳು. ಕೆಳಗೆ ಮೂರನೇ ಮೆಟ್ಟಿಲು ಯಾವಾಗಲೋ ಸುಮ್ಮನಾಗಿತ್ತು. ಅದನ್ನು ಯಾರೂ ಗಮನಿಸಿರಲಿಲ್ಲ.

ಬಾಣಂತನ ತವರಿನಲ್ಲೇ ಆಯಿತು. ಹೆಣ್ಣು ಮಗು, ವನಮಾಲಕ್ಕನ ಹಾಗೇ ಮೂಗು. ಚಂಪಾ ಅಮ್ಮಾ ಅಂದರೆ ವನಮಾಲಕ್ಕ ಕೈಯಲ್ಲಿದ್ದದ್ದನ್ನು ಹಾಗೇ ಇಟ್ಟು ಹೋಗುತ್ತಾಳೆ. ಇಟ್ಟ ಪಾತ್ರೆ ಸ್ವಲ್ಪ ಹೊತ್ತು ಗೊಣಗಿದರೆ ಗೊಣಗಲಿ ಅನ್ನುತ್ತಾಳೆ. ಬಿಟ್ಟದ್ದು ಆ ಸೀರೆಗಳನ್ನಷ್ಟೆ, ಕುಚ್ಚು ಈಗಲೂ ಕಟ್ಟುತ್ತಾಳೆ, ಒಂದು ಮುಗಿಯುವವರೆಗೆ ಇನ್ನೊಂದು ಮುಟ್ಟುವುದಿಲ್ಲ. ನನ್ನ ತಮ್ಮನ ಮದುವೆ ಸೀರೆ ಮೇಲಿನ ಬೀದಿಯವಳ ಹತ್ತಿರವೇ ಹೋಯಿತು.

ಆ ಮನೆಯಲ್ಲಿ ಈಗ ಗುನುಗು ಒಂದೇ ಒಂದು ಇದೆ. ಮಗಳ ಹತ್ತಿರ ಸಿಳ್ಳೆ ಕಲಿಯುತ್ತೇನೆ ಎಂದು ವನಮಾಲಕ್ಕ ಆವತ್ತೇ ಬೆರಳಿಟ್ಟಿದ್ದಳು, ಇನ್ನೂ ಬಂದಿಲ್ಲ. ಆ ಕಲಿಕೆಯ ಗುನುಗು ಮಹಡಿಯಿಂದ ಮಧ್ಯಾಹ್ನವಿಡೀ ಮೆಲ್ಲಗೆ ಇಳಿದು ಬರುತ್ತದೆ. ಹೊತ್ತಾದರೂ ಹೇಳೇ, ಕೇಳಿದೆ ಅನ್ನುತ್ತೇನೆ ಎಂದರೆ ಕಿವಿಗೆ ಹಾಕಿಕೊಳ್ಳುವುದಿಲ್ಲ. ಯಾಕೆಂದರೆ ಮಗು ಆ ಸದ್ದಿಗೇ ನಿದ್ದೆ ಹೋಗುವುದು. ಗುನುಗುವ ಮನೆಯಲ್ಲಿ ಕೂಸು ಮಲಗುವುದಿಲ್ಲ ಅಂದಿದ್ದ ಸತ್ಯಭಾಮಮ್ಮನವರೇ ತೊಟ್ಟಿಲನ್ನು ಮೆಟ್ಟಿಲ ಕಡೆಯ ಹಿತ್ತಿಲ ಬಾಗಿಲಿಗೆ ಹತ್ತಿರ ಸರಿಸಿ ಹೋಗಿದ್ದಾರೆ.

ಮೊನ್ನೆ ಮಧ್ಯಾಹ್ನ ಬಟ್ಟೆ ಹರವಲು ಮೇಲೆ ಹೋದ ವನಮಾಲಕ್ಕ ಅಭ್ಯಾಸಬಲದಿಂದ ಎರಡು ಬೆರಳಿಟ್ಟು ಊದಿದಾಗ, ಸಣ್ಣಗೆ, ನಿಜವಾದ ಸಿಳ್ಳೆ ಬರುವುದಕ್ಕೆ ಶುರುವಾಯಿತಂತೆ. ತಟ್ಟನೆ ಬೆರಳು ತೆಗೆದು, ಯಾರಾದರೂ ಕೇಳಿಸಿಕೊಂಡರೋ ಎಂದು ಸುತ್ತ ನೋಡಿ, ಬಟ್ಟೆ ಹರವಿ ಕೆಳಗೆ ಬಂದಳಂತೆ. ಮಗು ಇನ್ನೂ ಮಲಗಿತ್ತು.